ಬಂಗಾರವೂ ಭಂಗಾರವೂ

ನಮ್ಮವ್ವ ಮೊದಲ ಸಲ ಡೊಂಬಿವಲಿಗೆ ಬಂದದ್ದು 1991ರಲ್ಲಿ. ಮರುದಿನ ಮುಂಜಾನೆ ಗ್ಯಾಲರಿಯಲ್ಲಿ ನಿಂತವಳು ಗಾಬರಿಯಾಗಿ ಒಳಗೆ ಬಂದು, "ಅಲ್ಲೋ ತಮ್ಮಾ, ನಿಮ್ಮ ಊರಾಗ ಬಂಗಾರ ಕೈಗಾಡಿ ಮ್ಯಾಲೆ ಇಟಗೊಂಡು ಮಾರ್ತಾರೇನು?" ಎಂದು ಕೇಳಿದಳು. ಕೆಳಗೆ ಒಬ್ಬ "ಭಂಗಾರ್‌ವಾಲಾ, ಭಂಗಾರ್" ಎಂದು ಕೂಗುತ್ತ ಹೊರಟಿದ್ದ. ಇಲ್ಲಿಯ ಭಾಷೆಯಲ್ಲಿ ಭಂಗಾರ ಎಂದರೆ ಮುರುಕು ಸಾಮಾನು, ಗುಜರಿ. ಒಂದು ಮಹಾಪ್ರಾಣ ಹತ್ತಿದರೆ ಚಿನ್ನವೂ ಗುಜರಿಯಾಗುತ್ತದಲ್ಲ ಎಂದು ಎಲ್ಲರೂ ಹೊಟ್ಟೆ ತುಂಬ ನಕ್ಕೆವು. 2024ರಲ್ಲಿ ಆ ನಗೆ ತಿರುಗಿ ನನ್ನ ಮೇಲೇ ಬಂತು.

ಕಟ್ಟಡ ಹಳೆಯದಾಯಿತು, ಕೆಡವಿ ಹೊಸದು ಕಟ್ಟಿಸೋಣ ಎಂದು ನಮ್ಮ ಸೊಸಾಯಿಟಿ ಠರಾವು ಪಾಸು ಮಾಡಿತು. ಮುಂಬಯಿ ಸುತ್ತಮುತ್ತ ಈಗ ಓಣಿ ಓಣಿಯಲ್ಲಿ ಇದೇ ಮಾತು, ರೀಡೆವಲಪ್‌ಮೆಂಟ್. ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಹೊಸ ಮನೆ ಏಳುವವರೆಗೆ ನಾವು ಬೇರೆ ಕಡೆ ಇರಬೇಕು. ಮನೆ ಖಾಲಿ ಮಾಡಲು ಎರಡು ತಿಂಗಳ ಗಡುವು. 430 ಚದರಡಿ ಮನೆಗೆ ಎರಡು ತಿಂಗಳೇಕೆ, ಎರಡು ದಿನ ಸಾಕು ಎಂದುಕೊಂಡೆ. ಆಗ ನನಗೆ ಮಾಳಾ ನೆನಪಾಗಿರಲಿಲ್ಲ.

ಮಾಳಾ ಎಂದರೆ ನಮ್ಮ ಕಡೆಯ ಅಟ್ಟ. ಅಡುಗೆಮನೆಯ ಮೇಲೆ, ಬಾತ್‌ರೂಮಿನ ಮೇಲೆ, ಎಲ್ಲಿ ಮೂರಡಿ ಜಾಗ ಸಿಕ್ಕರೂ ಅಲ್ಲೊಂದು ಮಾಳಾ. 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ನೆಲಮಹಡಿಯವರ ಸಾಮಾನು ನೀರಿನಲ್ಲಿ ತೇಲಾಡುವುದನ್ನು ನೋಡಿ ಬಂದವನು ನಾನು. ಇರುವುದು ಎರಡನೇ ಮಹಡಿಯಲ್ಲಿ. ಆದರೂ ಅಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಮೇಲೆ ಏರಿಸುವ ಚಟ ಹತ್ತಿತು.

ಏಣಿ ಹಾಕಿ ಇಳಿಸತೊಡಗಿದರೆ ಅದು ಮುಗಿಯುವ ಕೆಲಸವಲ್ಲ. ಧಾರವಾಡದಲ್ಲಿ ಎಂ.ಕಾಂ. ಓದುವಾಗಿನ ನೋಟ್ಸು. 1990ರಿಂದ ಇಟ್ಟ ಲೈಟ್ ಬಿಲ್ಲು. ಟಿ.ವಿ. ಬಂದಿದ್ದ ಖಾಲಿ ರಟ್ಟಿನ ಡಬ್ಬಿ. ಅವ್ವನ ತಾಮ್ರದ ಹಂಡೆ. "ಟಿ.ವಿ. ಹೋಗಿ ಹತ್ತ ವರ್ಷಾತು, ಡಬ್ಬಿ ಯಾಕ ಇಟ್ಟೀರಿ?" ಎಂದಳು ಮನೆಯಾಕೆ. "ಊರಿಗೆ ಹೋಗೂಮುಂದ ಸಾಮಾನು ತುಂಬಾಕ ಬೇಕಾಗ್ತದ" ಎಂದೆ. ಆಕೆ ನನ್ನ ಮುಖ ನೋಡಿ ಸುಮ್ಮನಾದಳು. ಬೈದಿದ್ದರೇ ಚಲೋ ಇತ್ತು.

37 ವರ್ಷ ಬ್ಯಾಂಕಿನಲ್ಲಿ ಇದ್ದವನು ನಾನು. ಹಳೆಯ ದಾಖಲೆಗಳನ್ನು ಎಷ್ಟು ದಿನ ಇಡಬೇಕು ಎನ್ನುವುದಕ್ಕೆ 1985ರ ಸರಕಾರಿ ನಿಯಮಗಳಿವೆ. ಕೆಲವಕ್ಕೆ ಐದು ವರ್ಷ, ಕೆಲವಕ್ಕೆ ಎಂಟು. ಅವಧಿ ಮುಗಿದದ್ದನ್ನು ಪಟ್ಟಿ ಮಾಡಿ, ಮೇಲಿನವರ ಸಹಿ ಪಡೆದು, ಎಷ್ಟೋ ಮೂಟೆ ಲೆಜರುಗಳನ್ನು ನಿಂತು ನಾಶಮಾಡಿಸಿದ್ದೇನೆ. ಆದರೆ ನನ್ನ ಮನೆಯ ಮಾಳಾಕ್ಕೆ ಯಾವ ನಿಯಮವೂ ಇರಲಿಲ್ಲ, ಆಡಿಟ್ಟೂ ಇರಲಿಲ್ಲ.

ಕಡೆಗೆ ಬ್ಯಾಂಕಿನ ಪದ್ಧತಿಯನ್ನೇ ಮನೆಗೆ ತಂದೆ. ಒಂದು ನೋಟ್‌ಬುಕ್, ಮೂರು ಗುಂಪು: ಒಯ್ಯುವುದು, ಕೊಡುವುದು, ರದ್ದಿ. ಐದು ವರ್ಷ ಮುಟ್ಟದ ಸಾಮಾನು ಮೊದಲ ಗುಂಪಿಗೆ ಬರುವ ಹಾಗಿಲ್ಲ. ಮನೆಯ ಕರಾರುಪತ್ರ, ಸೊಸಾಯಿಟಿಯ ಶೇರ್ ಸರ್ಟಿಫಿಕೇಟು, ಪೆನ್ಷನ್ ಮತ್ತು ಆಸ್ಪತ್ರೆಯ ಕಾಗದ ಒಂದೇ ಫೈಲಿನಲ್ಲಿ. ರದ್ದಿಗೆ ಹಾಕುವ ಮೊದಲು ಖಾತೆ ನಂಬರ್ ಇದ್ದ ಕಾಗದವನ್ನು ಹರಿಯುವುದು, ಪ್ರತಿ ಪುಸ್ತಕವನ್ನೂ ಒಮ್ಮೆ ಝಾಡಿಸುವುದು. ಹಾಗೆ ಝಾಡಿಸುವಾಗಲೇ ಅವ್ವನ ಪಾಸ್‌ಬುಕ್ ಉದುರಿತು. ಊರಿನ ಶಾಖೆಯ ಉಳಿತಾಯ ಖಾತೆ, 2009ರ ಕಡೆಯ ನಮೂದು, 4,360 ರೂಪಾಯಿ, ನಾಮಿನಿ ನಾನೇ. ಅವ್ವ ಹೋದದ್ದು 2011ರಲ್ಲಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹೋದರೂ ವಾರಸುದಾರರು ತಮ್ಮ ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ಪಡೆಯಬಹುದು. ಹುಡುಕಲಿಕ್ಕೆ 2023ರಿಂದ ಉದ್ಗಮ್ ಎಂಬ ಪೋರ್ಟಲ್ ಕೂಡ ಇದೆ. ಗಿರಾಕಿಗಳಿಗೆಲ್ಲ ಠೇವಣಿಯ ಬುದ್ಧಿ ಹೇಳುತ್ತಿದ್ದವನ ತಲೆಯ ಮೇಲೆಯೇ ತಾಯಿಯ ದುಡ್ಡು ಧೂಳು ತಿನ್ನುತ್ತ ಕೂತಿತ್ತು.

ಎಲ್ಲಕ್ಕಿಂತ ಹಿಂದೆ, ಮೂಲೆಯಲ್ಲಿ, ಗೋಣಿಚೀಲದ ಗಂಟೊಂದಿತ್ತು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು: ಆರು ಜೋಡಿ ಹಿತ್ತಾಳೆಯ ಚಿಲಕ, ಬಾಗಿಲ ಹಿಡಿಕೆಗಳು. 1996ರಲ್ಲಿ ಲೋಹಾರ ಚಾಳಕ್ಕೆ ಹೋಗಿ, ಅರ್ಧ ದಿನ ಚೌಕಾಶಿ ಮಾಡಿ ತಂದದ್ದು. ಧಾರವಾಡದಲ್ಲಿ ಕೊಂಡಿದ್ದ ಪ್ಲಾಟಿನಲ್ಲಿ ಕಟ್ಟಿಸುವ ಮನೆಗೆ. ನಕಾಶೆಯೂ ಅದರಲ್ಲೇ ಇತ್ತು, ಮುಂದೆ ಕಟ್ಟೆ, ಹಿಂದೆ ಹಿತ್ತಲು, ಬಚ್ಚಲಲ್ಲಿ ಅವ್ವನ ಹಂಡೆಗೆ ಒಲೆ. ಆ ಪ್ಲಾಟನ್ನು 2012ರಲ್ಲಿ ಮಗನ ಎಂಜಿನಿಯರಿಂಗ್ ಫೀಗೆಂದು ಮಾರಿದೆವು. ಮಾರಾಟಪತ್ರಕ್ಕೆ ಸಹಿ ಮಾಡಿದವನೂ ನಾನೇ. ಆದರೆ ಚಿಲಕಗಳಿಗೆ ಆ ಸುದ್ದಿ ತಿಳಿಸಿರಲಿಲ್ಲ. ಟಿ.ವಿ. ಡಬ್ಬಿ, ಹಂಡೆ, ಇವೆಲ್ಲ ಆ ಮನೆಯ ಸಾಮಾನು. 430 ಚದರಡಿಯಲ್ಲಿ ಇಲ್ಲದ ಒಂದು ಮನೆಯನ್ನು ನಾನು ಮೇಲೆ ಇಟ್ಟುಕೊಂಡಿದ್ದೆ, ಕೆಳಗೆ ಮನೆಯಾಕೆ ಇಕ್ಕಟ್ಟಿನಲ್ಲಿ ಅಡುಗೆ ಮಾಡಿದ್ದಳು.

ಅವ್ವ ಏನನ್ನೂ ಒಗೆದವಳಲ್ಲ. ಆದರೂ ಅವಳ ಮನೆಯಲ್ಲಿ ಅಡ್ಡಾಡಲು ಜಾಗ ಇರುತ್ತಿತ್ತು. ಹಳೆಯ ಸೀರೆ ಕೌದಿಯಾಗುತ್ತಿತ್ತು, ಹರಿದ ಕೌದಿ ನೆಲ ಒರೆಸುವ ಅರಿವೆ. ಅವಳಿಗೆ ಉಳಿಸುವುದೆಂದರೆ ಬಳಸುವುದು. ನನ್ನದು ಬರೀ ಕಾಯುವುದು.

ನಮ್ಮ ಕಟ್ಟಡದ ವಾಚಮನ್ ಕಲಬುರಗಿ ಕಡೆಯವನು. ಊರಲ್ಲಿ ಎರಡು ಕೋಣೆಯ ಮನೆ ಕಟ್ಟಿಸುತ್ತಿದ್ದ. ಗಂಟನ್ನು ಅವನಿಗೆ ಕೊಟ್ಟೆ. "ಸಾಹೇಬ್ರ, ಭಾಳ ತುಟ್ಟಿ ಮಾಲ್ ಅದರಿ, ಎಷ್ಟ ಕೊಡ್ಲಿ?" ಎಂದ. "ಹುಣಸೆಹಣ್ಣು ಹಚ್ಚಿ ತಿಕ್ಕು, ಫಳಫಳ ಆಗ್ತದ. ಅಷ್ಟ ಮಾಡು ಸಾಕು" ಎಂದೆ. ಹಂಡೆಯನ್ನು ಮಾತ್ರ ಒಯ್ದೆವು. ಬಾಡಿಗೆ ಮನೆಯಲ್ಲಿ ಅದೀಗ ಕುಡಿಯುವ ನೀರಿಗೆ. ರದ್ದಿ 62 ಕಿಲೋ ತೂಗಿತು, 868 ರೂಪಾಯಿ ಬಂತು. ಎಂ.ಕಾಂ. ನೋಟ್ಸೂ ಅದರಲ್ಲೇ ಹೋಯಿತು.

ಹೋದ ದೀಪಾವಳಿಗೆ ವಾಚಮನ್ ಮೊಬೈಲಿನಲ್ಲಿ ಒಂದು ಫೋಟೋ ಕಳಿಸಿದ. ಹಸಿರು ಬಣ್ಣದ ಬಾಗಿಲು, ಅದರ ಮೇಲೆ ನನ್ನ ಚಿಲಕ, ತಿಕ್ಕಿ ಹೊಳೆಯುವಂತೆ ಮಾಡಿದ್ದು. ಮನೆಯಾಕೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಬಂಗಾರಧಂಗ ಕಾಣಸ್ತದ ನೋಡ್ರಿ" ಎಂದಳು.