ಒಂದು ಕವರು, ಒಂದೇ ಪ್ರಶ್ನೆ

2011ರ ಮೇ ತಿಂಗಳು. ನಾನು ಆನ್‌ಸೈಟ್ ಅಂತ ಮಿನಿಯಾಪೊಲಿಸ್‌ಗೆ ಹೋಗಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪಕ್ಕದ ಸೀಟಿನ ಹಿರಿಯ ಸಹೋದ್ಯೋಗಿ ಕೆಲಸ ಬಿಟ್ಟು ಒಂದು ರಟ್ಟಿನ ಕಾರ್ಡನ್ನೇ ನೋಡ್ತಾ ಕೂತಿದ್ದ. ಹಾರ್ಮನ್ ಕಿಲ್ಲಬ್ರೂ ತೀರಿಕೊಂಡಿದ್ದ. 573 ಹೋಂ ರನ್ ಹೊಡೆದ, ಮಿನೆಸೋಟ ಟ್ವಿನ್ಸ್ ತಂಡದ ಬೇಸ್‌ಬಾಲ್ ಆಟಗಾರ. ಹಳೇ ಟಾಪ್ಸ್ ಕಾರ್ಡಿನ ಮೇಲೆ ನೀಲಿ ಪೆನ್ನಿನ ಸಹಿ. ಬೇಸ್‌ಬಾಲಿನ ಗಂಧಗಾಳಿ ಗೊತ್ತಿಲ್ಲದ ನಾನೂ ಒಂದೊಂದಕ್ಷರ ಓದಿದೆ. ಸಹಿ ಅಂದ್ರೆ ಓದಕ್ಕೆ ಬರಬೇಕು ಅಂತ ಎಳೆಯ ಆಟಗಾರರಿಗೂ ಹೇಳ್ತಿದ್ದನಂತೆ.

"ಎಲ್ಲಿ ಸಿಕ್ಕಿದ್ರು ಇವ್ರು?" ಅಂದೆ.

"ಸಿಗಲಿಲ್ಲ. ಪೋಸ್ಟಲ್ಲಿ ಕಳಿಸ್ದೆ, ಪೋಸ್ಟಲ್ಲೇ ಬಂತು."

ಅಲ್ಲಿ ಇದೊಂದು ಹುಚ್ಚು. ನಿವೃತ್ತ ಆಟಗಾರನ ಹಳೇ ಕಾರ್ಡು, ಜೊತೆಗೊಂದು ಕಾಗದ, ತನ್ನದೇ ವಿಳಾಸ ಬರೆದು ಸ್ಟ್ಯಾಂಪ್ ಅಂಟಿಸಿದ ವಾಪಸ್ ಕವರು. ಆಮೇಲೆ ಕಾಯೋದು. ಹತ್ತು ದಿನ, ಇಲ್ಲಾ ಹತ್ತು ತಿಂಗಳು. ಕೆಲವು ಬರೋದೇ ಇಲ್ಲ. ಕೆಲವು ಒಡೆಯದೆಯೇ ವಾಪಸ್ ಬರ್ತವೆ. ಅಷ್ಟರಲ್ಲಿ ಆ ಮುದುಕ ಹೋಗಿಬಿಟ್ಟಿರ್ತಾನೆ. ಅದಕ್ಕೇ ಈತ ವಯಸ್ಸಿನ ಪ್ರಕಾರ ಪಟ್ಟಿ ಮಾಡಿದ್ದ. ಎಂಬತ್ತು ದಾಟಿದವರಿಗೆ ಮೊದಲ ಕಾಗದ. "ಹೊಗಳ್ಬಾರ್ದು. ಅವರಿಗೆ ಮಾತ್ರ ಗೊತ್ತಿರೋ ಒಂದೇ ಒಂದು ಪ್ರಶ್ನೆ ಕೇಳ್ಬೇಕು" ಅಂದ.

ಟಾಪ್ಸ್‌ನವರೂ ಮೊದಲು ಕಾರ್ಡಿನ ಜೊತೆ ಬಬಲ್ ಗಮ್ ಕೊಡ್ತಿದ್ರಂತೆ. ನಿಮಗೆ ನೆನಪಿದೆಯೋ ಇಲ್ಲವೋ, ನಾವೂ ಬಿಗ್ ಫನ್ ಜಗಿದು ಕ್ರಿಕೆಟಿಗರ ಚಿತ್ರ ಕೂಡಿಟ್ಟವರೇ. ಅಜರುದ್ದೀನ್ ಸಿಗಲಿ ಅಂತ ಎಷ್ಟೋ ಸಲ ಅಪ್ಪನ ಜೇಬಿನ ಚಿಲ್ಲರೆ ಎಗರಿಸಿದ್ದೆ.

ಆ ಅಪ್ಪನ ಕೈಬರಹ ನನ್ನ ಹತ್ರ ಏನಿದೆ? ರೂಮಿಗೆ ಬಂದು ಹುಡುಕಿದೆ. ಬಿ.ಇ.ಗೆ ತೆಗೆದ ಸಾಲದ ಪತ್ರದ ಜೆರಾಕ್ಸಿನಲ್ಲಿ ಒಂದು ಸಹಿ. ಅಷ್ಟೇ. ಪ್ರತಿ ಭಾನುವಾರ ಫೋನ್ ಮಾಡ್ತೀನಿ. "ಊಟ ಆಯ್ತಾ, ಅಲ್ಲಿ ಮಳೆ ಉಂಟಾ", ಎರಡು ನಿಮಿಷ. ಆಮೇಲೆ "ತಗೋ, ನಿಮ್ಮವ್ವನ ಹತ್ರ ಮಾತಾಡು."

ಅವತ್ತೇ ಕಾಗದ ಬರೆದೆ. ತೋಟದ ಬಾವಿ ತೋಡಿಸಿದಾಗ ನೀರು ಎಷ್ಟು ಅಡಿಗೆ ಸಿಕ್ತು? ನನ್ನ ವಿಳಾಸ ಬರೆದ ಕವರನ್ನೂ ಇಟ್ಟೆ. ಅಮೆರಿಕದ ಸ್ಟ್ಯಾಂಪು ನಮ್ಮೂರಲ್ಲಿ ನಡೆಯಲ್ಲ, ಹಾಗಾಗಿ ಬರೀ ಕವರು.

ಮೂರು ವಾರಕ್ಕೆ ಅಪ್ಪನದೇ ಫೋನು. "ಏನ್ಲಾ, ಕಾಗದ ಬರ್ದಿದ್ದೀಯ? ಕೆಲ್ಸ ಗಿಲ್ಸ ಹೋಯ್ತಾ?"

"ಇಲ್ಲ ಕಣಪ್ಪ. ಉತ್ತರ ಫೋನಲ್ಲಿ ಹೇಳ್ಬೇಡ, ಬರ್ದು ಕಳ್ಸು."

ಆಗಸ್ಟಿನಲ್ಲಿ ಕವರು ಬಂತು. ನೋಟ್‌ಬುಕ್ಕಿನ ಹರಿದ ಹಾಳೆ. "ಮೂವತ್ತೆರಡು ಅಡಿಗೆ. ಇಪ್ಪತ್ತಕ್ಕೆ ಬಂಡೆ ಬಂತು. ಒಡೆಸಲು ನಿಮ್ಮವ್ವನ ಬಳೆ ಮಾರಿದೆ. ನಿನಗೆ ಹೇಳಬೇಡ ಅಂದಿದ್ದಳು." ಕೆಳಗೆ, ಸಾಲದ ಪತ್ರಕ್ಕೆ ಹಾಕಿದ ಹಾಗೇ, ಪೂರ್ತಿ ಹೆಸರಿನ ಸಹಿ. ಒಂದೊಂದಕ್ಷರವೂ ಓದಬಹುದು.

ಪಕ್ಕದ ಸೀಟಿನವನಿಗೆ ತೋರಿಸಿದೆ. ಏನು ಬರೆದಿದೆ ಅಂತ ಕೇಳಲಿಲ್ಲ. ಡ್ರಾಯರಿನಿಂದ ಕಾಗದ ಹಿಡಿಸೋ ಅಂಥ ಒಂದು ಪ್ಲಾಸ್ಟಿಕ್ ಕವರು ತೆಗೆದುಕೊಟ್ಟ.

ಮುಂದಿನ ಕಾಗದ ಅವ್ವನಿಗೆ. ಬಳೆಯ ಬಗ್ಗೆ ಕೇಳೋದೋ ಬೇಡ್ವೋ ಅಂತ ಆ ರಾತ್ರಿಯೆಲ್ಲ ಯೋಚಿಸಿದೆ.