ಕಥೆಯ ಗಂಟು

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಸ್ತುವಿಗೆ ವಿಧಿಸಿರುವ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮಗಳೆಂಬ ಐದು ಅವಸ್ಥೆಗಳನ್ನು ನಾನು ಬಹುಕಾಲ ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸಿದೆನು. ಅವುಗಳ ಮರ್ಮವನ್ನು ನನಗೆ ತಿಳಿಸಿದವಳು ಆರು ವರ್ಷದ ಮೊಮ್ಮಗಳು.

ಒಂದು ರಾತ್ರಿ ನಿದ್ದೆಯ ಜೋಂಪಿನಲ್ಲಿ ಪುಣ್ಯಕೋಟಿಯ ಕಥೆಯನ್ನು ಹೇಳುತ್ತ, ಹಸುವು ಕರುವನ್ನು ಅಗಲುವ ಭಾಗವನ್ನು ಹಾರಿಸಿ, ಹುಲಿಯು ಪ್ರಾಣಬಿಟ್ಟಿತೆಂದು ಮುಗಿಸಿದೆನು. “ಹಸು ಬಂತಲ್ಲ ತಾತ, ಹುಲಿ ಯಾಕೆ ಸಾಯಬೇಕು?” ಎಂದಳು. ನಾನು ನಿರುತ್ತರನಾದೆನು.

ಕೊಟ್ಟ ಮಾತೇ ಆ ಕಥೆಯ ಬೀಜ. ಕರುವಿನ ಮೇಲಣ ಮಮತೆಯೇ ಗಂಟು. ಬಿಗಿಯದ ಗಂಟನ್ನು ಬಿಚ್ಚುವುದೆಂತು? ಸಣ್ಣ ಕಥೆಯಲ್ಲಿ ಎಷ್ಟನ್ನಾದರೂ ಬಿಡಬಹುದು. ಫಲಕ್ಕೆ ಕಾರಣವಾದುದನ್ನು ಮಾತ್ರ ಬಿಡಲಾಗದು.

ಮರುದಿನ ಕಥೆಯನ್ನು ಮೊದಲಿನಿಂದ ಹೇಳಿದೆನು. ಕರುವಿನ ಮಾತು ಬಂದಾಗಲೇ ಅವಳ ಕಣ್ಣು ತುಂಬಿತು. ಕೊನೆಯಲ್ಲಿ ಅವಳು ಏನನ್ನೂ ಕೇಳಲಿಲ್ಲ.