ಓಡಿದ ಗಾಡಿ

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಮೊದಲು ಬಗ್ಗಿ ನೋಡುವುದು ಮೀಟರನ್ನು. ಕಮ್ಮಿ ಓಡಿದಷ್ಟೂ ಗಾಡಿಯ ಮೇಲೆ ನಂಬಿಕೆ ಜಾಸ್ತಿ. ‘ಡಾಕ್ಟರ್ ಇಟ್ಕೊಂಡಿದ್ದ ಗಾಡಿ, ಸಿಂಗಲ್ ಓನರ್, ಶೆಡ್ಡಿಂದ ತೆಗೆದೇ ಇಲ್ಲ ಸಾರ್’ ಎಂದು ಬ್ರೋಕರ್ ಹೇಳಿದರೆ ಅರ್ಧ ವ್ಯಾಪಾರ ಕುದುರಿದ ಹಾಗೆ. ಬೆಂಗಳೂರಿನಲ್ಲಿ ಮಾರುತಿ ಕೊಳ್ಳುವಾಗ ಈ ಲೆಕ್ಕ ನಡೆಯುತ್ತದೆ. ಟಾಪು ತೆರೆಯುವ ಇಟಲಿಯ ಸೂಪರ್‌ಕಾರ್ ಕೊಳ್ಳುವಾಗ ನಡೆಯುವುದಿಲ್ಲ. ಅಲ್ಲಿ ಶೆಡ್ಡಿನಿಂದ ಹೊರಗೇ ಬಾರದ ಗಾಡಿಗೆ ಹೆದರಬೇಕು. ವರ್ಷವರ್ಷವೂ ಓಡಿದ, ಓಡಿದ್ದಕ್ಕೆ ತಕ್ಕ ಆರೈಕೆ ಕಂಡ ಗಾಡಿಯನ್ನು ಹುಡುಕಬೇಕು. ಮಾರುಕಟ್ಟೆ ಇದನ್ನು ಒಪ್ಪುವುದಿಲ್ಲ. ಅದು ಬೆಲೆ ಕಟ್ಟುವುದೇ ಇದಕ್ಕೆ ಉಲ್ಟಾ. ಹಾಗಾಗಿ ಈ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸಕ್ಕಿರುವ ನಾನು ಬಹಳ ಕಾಲದಿಂದ ಆಸೆಪಟ್ಟಿದ್ದು ಫೆರಾರಿ ಎಫ್355 ಸ್ಪೈಡರ್. ಕಂಪನಿ ಕಟ್ಟಿದ ಎಂಜೊ ಫೆರಾರಿ 1988ರಲ್ಲಿ ತೀರಿಕೊಂಡರು. ಮರುವರ್ಷ ಬಂದ 348 ಎಂಬ ಕಾರು ಆ ಹೆಸರಿಗೆ ತಕ್ಕದ್ದಾಗಿರಲಿಲ್ಲ ಎಂದು ಆಗಲೇ ಅನೇಕರು ಹೇಳುತ್ತಿದ್ದರು. 1991ರಲ್ಲಿ ಕಂಪನಿಯ ಚುಕ್ಕಾಣಿ ಹಿಡಿದ ಲೂಕಾ ದಿ ಮಾಂಟೆಜೆಮೊಲೊ ಅವರಿಗೂ ಅದರ ಬಗ್ಗೆ ಸಮಾಧಾನವಿರಲಿಲ್ಲ. ಆ ಅಸಮಾಧಾನಕ್ಕೆ ಮರನೆಲ್ಲೊ ಕಾರ್ಖಾನೆ ಕೊಟ್ಟ ಉತ್ತರವೇ 1994ರ ಎಫ್355. ಮರುವರ್ಷ ಬಟ್ಟೆ ಟಾಪಿನ ಸ್ಪೈಡರ್ ಬಂತು. ಸೀಟಿನ ಹಿಂದೆ ಮೂರೂವರೆ ಲೀಟರಿನ ವಿ8 ಎಂಜಿನ್, ಸಿಲಿಂಡರಿಗೆ ಐದೈದರಂತೆ ನಲವತ್ತು ವಾಲ್ವ್, ಟೈಟಾನಿಯಂ ಕನೆಕ್ಟಿಂಗ್ ರಾಡ್, 8,250 ಆರ್‌ಪಿಎಂನಲ್ಲಿ 380 ಅಶ್ವಶಕ್ತಿ. ಟರ್ಬೊ ಇಲ್ಲ. ಮೈಕಟ್ಟು ಪಿನಿನ್‌ಫರೀನಾದ್ದು. ನನ್ನ ಕಣ್ಣಿಗೆ ಅದಾದ ಮೇಲೆ ಬಂದ ಯಾವ ವಿ8 ಫೆರಾರಿಯೂ ಅಷ್ಟು ಹದವಾಗಿ ಕಂಡಿಲ್ಲ. 1997ರಿಂದ ಸ್ಟಿಯರಿಂಗ್ ಹಿಂದಿನ ಪಟ್ಟಿ ಎಳೆದು ಗೇರು ಬದಲಿಸುವ ಎಫ್1 ಗೇರ್‌ಬಾಕ್ಸ್ ಕೂಡ ಸಿಗುತ್ತಿತ್ತು. ನನಗೆ ಬೇಕಿದ್ದದ್ದು ಕ್ಲಚ್ ಒತ್ತಿ, ಲೋಹದ ತೆರೆದ ಗೇಟಿನ ಸಂದಿಯಲ್ಲಿ ಕೈಯಾರೆ ಗೇರು ಹಾಕುವಂಥದ್ದು. ಕೊಂಡರೆ ಅದೇ, ಇಲ್ಲದಿದ್ದರೆ ಬೇಡ.

ಈ ಕಾರಿನ ಗುಣದೋಷಗಳೆಲ್ಲ ಒಂದು ರಬ್ಬರ್ ಬೆಲ್ಟಿನ ಸುತ್ತ ಸುತ್ತುತ್ತವೆ. ಎಂಜಿನ್ನಿನ ವಾಲ್ವುಗಳನ್ನು ಹೊತ್ತುಹೊತ್ತಿಗೆ ತೆರೆದು ಮುಚ್ಚುವ ಕ್ಯಾಮ್‌ಗಳನ್ನು ತಿರುಗಿಸುವುದು ಹಲ್ಲುಳ್ಳ ಟೈಮಿಂಗ್ ಬೆಲ್ಟ್. ಅದು ತುಂಡಾದರೆ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಬಡಿದು ಎಂಜಿನ್ನೇ ಹಾಳು. ರಬ್ಬರಾದ್ದರಿಂದ ಕಾರು ಓಡಲಿ ಬಿಡಲಿ ಬೆಲ್ಟಿಗೆ ವಯಸ್ಸಾಗುತ್ತದೆ. ಮೂರು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಲ್ಲವರು ಹೇಳುತ್ತಾರೆ. ಆದರೆ ಬೆಲ್ಟು ಇರುವ ಕಡೆ ಕೈ ಹೋಗುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಷನ್ ಎಲ್ಲವನ್ನೂ ಹೊತ್ತ ಉಕ್ಕಿನ ಚೌಕಟ್ಟನ್ನು ಬಿಚ್ಚಿ ಕೆಳಗಿಳಿಸಿ, ಮೇಲಿನ ಬಾಡಿಯನ್ನು ಎತ್ತಿ ನಿಲ್ಲಿಸಬೇಕು. ಪ್ರತಿ ಸಲವೂ ಸಾವಿರಾರು ಪೌಂಡ್ ಖರ್ಚು. 1999ರಲ್ಲಿ ಇದರ ಜಾಗಕ್ಕೆ ಬಂದ 360ರಲ್ಲಿ ಸೀಟಿನ ಹಿಂದೊಂದು ಮುಚ್ಚಳ ಬಿಚ್ಚಿದರೆ ಬೆಲ್ಟು ಕೈಗೆ ಸಿಗುವಂತೆ ಮಾಡಿದರು. ಅದರ ಮುಂದಿನ ಎಫ್430ಯಲ್ಲಿ ಬೆಲ್ಟನ್ನೇ ಬಿಟ್ಟು ಚೈನ್ ಹಾಕಿದರು. ಬುದ್ಧಿವಂತಿಕೆಯಿಂದ ಆರಿಸುವವರು ಆ ಎರಡರ ಸ್ಪೈಡರ್‌ಗಳಲ್ಲಿ ಒಂದನ್ನು ಕೊಳ್ಳುತ್ತಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೂ ನನ್ನ ಮನಸ್ಸು 355ರಲ್ಲಿತ್ತು.

ನನಗೆ ಜೊತೆಯಾದವರು ಭಾವ. ದಾವಣಗೆರೆಯವರು, ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಕಾರಿನ ಹುಚ್ಚಿಲ್ಲ, ಆದರೆ ಯಾವುದನ್ನೂ ಪರೀಕ್ಷೆ ಮಾಡದೆ ನಂಬುವವರಲ್ಲ. ಕೊನೆಗೆ ಎರಡು ಕಾರುಗಳ ನಡುವೆ ಆಯ್ಕೆ ಬಂತು. ಎರಡೂ ಒಂದೇ ವರ್ಷದವು, ಎರಡೂ ಕೆಂಪು. ಒಂದು ಒಂಬತ್ತು ಸಾವಿರ ಮೈಲಿ ಓಡಿತ್ತು, ಇನ್ನೊಂದು ನಲವತ್ತೇಳು ಸಾವಿರ. ಮೊದಲನೆಯದು ಷೋರೂಮಿನಲ್ಲಿ ದೀಪದ ಕೆಳಗೆ ಮಿನುಗುತ್ತಾ ನಿಂತಿತ್ತು. ಬೆಲೆಯೂ ಬಹಳ ಹೆಚ್ಚು.

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ಎಂಒಟಿ ಎಂಬ ತಪಾಸಣೆ ಕಡ್ಡಾಯ. ನಂಬರ್ ಪ್ಲೇಟಿನ ಅಂಕಿ ಹಾಕಿದರೆ ಆ ತಪಾಸಣೆಗಳ ದಾಖಲೆ, ಆಯಾ ವರ್ಷದ ಮೀಟರ್ ಓದಿನ ಸಮೇತ, ಯಾರಿಗೆ ಬೇಕಾದರೂ ಸರ್ಕಾರದ ಜಾಲತಾಣದಲ್ಲಿ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಜಾತಕ ಬೇರೆ ಬೇಡ. ಒಂಬತ್ತು ಸಾವಿರದ ಕಾರು ಕೆಲವು ವರ್ಷ ತಪಾಸಣೆಗೇ ಹೋಗಿರಲಿಲ್ಲ. ಹೋದ ವರ್ಷಗಳಲ್ಲಿ ಒಂದು ತಪಾಸಣೆಗೂ ಮುಂದಿನದಕ್ಕೂ ನಡುವೆ ಹತ್ತಿಪ್ಪತ್ತು ಮೈಲಿಯ ವ್ಯತ್ಯಾಸ. ಅಂದರೆ ತಪಾಸಣಾ ಕೇಂದ್ರಕ್ಕೆ ಹೋಗಿ ಬಂದದ್ದೇ ಅದರ ಓಡಾಟ. ಇಂಥ ಓಡಾಟದಲ್ಲಿ ಎಂಜಿನ್ ಆಯಿಲ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಹುಟ್ಟಿದ ನೀರಿನ ಪಸೆ ಒಳಗೇ ಉಳಿಯುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಆ ಕಾರಿನ ಟೈರಿನ ಮೇಲೆ 2309 ಎಂದಿತ್ತು. ಅಚ್ಚು ಒಂದಿಷ್ಟೂ ಸವೆದಿಲ್ಲ, ರಬ್ಬರ್ ಮಾತ್ರ ಉಗುರು ಊರದಷ್ಟು ಗಟ್ಟಿ. ಟಾಪು ಇಳಿಸಿ ತೋರಿಸಲು ಹೇಳಿದೆವು. ಫೆರಾರಿಯಲ್ಲಿ ಕರೆಂಟಿನ ಮೇಲೆ ಮಡಚುವ ಟಾಪು ಬಂದದ್ದು ಈ ಸ್ಪೈಡರಿನಿಂದ. ಬಟ್ಟೆ ಹಿಂದಕ್ಕೆ ಹೋಗಲು ಜಾಗ ಬೇಕಲ್ಲ, ಅದಕ್ಕೆ ಸೀಟುಗಳೇ ಮೊದಲು ಮುಂದಕ್ಕೆ ಸರಿದು, ಟಾಪು ಕೂತ ಮೇಲೆ ತಮ್ಮ ಜಾಗಕ್ಕೆ ಬರುತ್ತವೆ. ಸೀಟು ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಚಿಕ್ಕ ಸೆನ್ಸರ್ ಕೆಟ್ಟರೆ ಟಾಪು ಅರ್ಧದಲ್ಲಿ ನಿಂತುಬಿಡುತ್ತದೆ. ಅಲ್ಲಿ ಆದದ್ದೂ ಅದೇ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಡಿಕೆ ಬಿದ್ದ ಕಡೆ ಬಿಳುಚಿ ಬಿರಿದಿತ್ತು. ಡ್ಯಾಶ್‌ಬೋರ್ಡಿನ ಮೇಲಿನ ಚರ್ಮ ಸುಕ್ಕುಗಟ್ಟಿ ಅಂಚಿನಲ್ಲಿ ಮೇಲೆದ್ದಿತ್ತು.

ಎರಡೂ ಕಾರುಗಳನ್ನು ಒಬ್ಬ ಹಳೆಯ ಮೆಕ್ಯಾನಿಕ್‌ ಬಳಿ ತೋರಿಸಿದೆ. ಯಾವ ಡೀಲರ್‌ಗೂ ಸೇರದ, ಸ್ವಂತ ಗ್ಯಾರೇಜಿನವರು. ಅವರು ಮಾಡಿದ ಒಂದು ಪರೀಕ್ಷೆಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಂಜಿನ್ ಬಿಸಿ ಮಾಡಿ, ಪ್ಲಗ್ ಬಿಚ್ಚಿ, ಒಂದು ಸಿಲಿಂಡರಿನ ಪಿಸ್ಟನ್ನನ್ನು ತುದಿಗೆ ತಂದು ನಿಲ್ಲಿಸುತ್ತಾರೆ. ಆಗ ಆ ಸಿಲಿಂಡರಿನ ವಾಲ್ವುಗಳೆಲ್ಲ ಮುಚ್ಚಿರಬೇಕು. ಪ್ಲಗ್ಗಿನ ತೂತಿನಿಂದ ಒತ್ತಡದ ಗಾಳಿ ಬಿಡುತ್ತಾರೆ. ಹೋದ ಗಾಳಿಯಲ್ಲಿ ಎಷ್ಟು ಸೋರಿಹೋಯಿತು ಎಂದು ಗೇಜು ತೋರಿಸುತ್ತದೆ. ಆಮೇಲಿನ ಕೆಲಸ ಕಿವಿಯದು. ಆಯಿಲ್ ಹಾಕುವ ಬಾಯಲ್ಲಿ ಬುಸ್ ಎಂದರೆ ಪಿಸ್ಟನ್ ರಿಂಗ್, ಸೈಲೆನ್ಸರಿನಲ್ಲಿ ಬುಸ್ ಎಂದರೆ ಹೊಗೆ ಬಿಡುವ ವಾಲ್ವ್. ನಲವತ್ತೇಳು ಸಾವಿರ ಓಡಿದ ಕಾರಿನ ಎಂಟೂ ಸಿಲಿಂಡರುಗಳಲ್ಲಿ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಒಂಬತ್ತು ಸಾವಿರದ್ದರಲ್ಲಿ ಎರಡು ಸಿಲಿಂಡರು ಸೋರುತ್ತಿದ್ದವು. ನಾನು ಸೈಲೆನ್ಸರಿನ ಹತ್ತಿರ ಕೂತು ಕಿವಿಗೊಟ್ಟೆ. ಗಾಳಿ ಹೊರಬರುವ ಸಣ್ಣ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ‘ಎಂಜಿನ್ ನಿಲ್ಲಿಸಿದಾಗ ಯಾವ ವಾಲ್ವ್ ತೆರೆದಿರುತ್ತದೋ ಅದು ತಿಂಗಳುಗಟ್ಟಲೆ ಹಾಗೇ ತೆರೆದಿರುತ್ತದೆ. ತೇವಕ್ಕೆ ಅಷ್ಟು ಸಾಕು’ ಎಂದರು ಅವರು.

ಈ ಎಂಜಿನ್ನಿಗೆ ಹುಟ್ಟಿನಿಂದ ಬಂದ ದೋಷಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಮೊದಮೊದಲ ಕಾರುಗಳ ವಾಲ್ವ್ ಗೈಡ್ ಕಂಚಿನವು, ಬೇಗ ಸವೆಯುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾವು ತಡೆಯದೆ ಸೀಳು ಬಿಡುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎಂದರೆ ಅದೇ ಎಂದು ಅನುಮಾನಪಡಬೇಕು. ಓಡಿದ ಕಾರಿನಲ್ಲಿ ಈ ದೋಷಗಳು ಎಂದೋ ಹೊರಬಿದ್ದು, ಯಾರೋ ದುಡ್ಡು ಕೊಟ್ಟು ಸರಿಮಾಡಿಸಿರುತ್ತಾರೆ. ನಿಂತ ಕಾರಿನಲ್ಲಿ ಅವು ಮುಂದಿನ ಯಜಮಾನನಿಗಾಗಿ ಕಾದಿರುತ್ತವೆ.

ಎರಡನೆಯ ಕಾರಿನ ಯಜಮಾನರು ನಿವೃತ್ತ ಮೇಷ್ಟ್ರು. ಬೆನ್ನುನೋವಿನಿಂದಾಗಿ ಅಷ್ಟು ತಗ್ಗಿನ ಸೀಟಿಗೆ ಇಳಿದು ಏಳಲು ಆಗುತ್ತಿರಲಿಲ್ಲ, ಅದಕ್ಕೆ ಮಾರುತ್ತಿದ್ದರು. ಊಟದ ಮೇಜಿನ ಮೇಲೆ ಎರಡು ದಪ್ಪ ಫೈಲು ತಂದಿಟ್ಟರು. ಮೊದಲ ಮಾಲೀಕನ ಕಾಲದಿಂದ ಎಲ್ಲ ಬಿಲ್ಲುಗಳೂ ವರ್ಷದ ಕ್ರಮದಲ್ಲಿದ್ದವು. ಬೆಲ್ಟು ಬದಲಿಸಿದ ಬಿಲ್ಲು ಮೂರು ಮೂರು ವರ್ಷಕ್ಕೆ ತಪ್ಪದೆ ಬರುತ್ತಿತ್ತು. ನಡುವೆ ಸ್ಟೀಲ್ ವಾಲ್ವ್ ಗೈಡ್ ಹಾಕಿಸಿದ್ದು, ಮ್ಯಾನಿಫೋಲ್ಡ್ ಬದಲಿಸಿದ್ದು, ಕ್ಲಚ್ಚು, ಟಾಪಿನ ಹೊಸ ಬಟ್ಟೆ. ಜೊತೆಗೆ ಅವರದೇ ಕೈಬರಹದ ನೋಟ್‌ಬುಕ್ಕು: ಹೋದ ಊರು, ಹಾಕಿದ ಪೆಟ್ರೋಲು, ಕೇಳಿದ ಹೊಸ ಸದ್ದು. ಮೊದಲ ಪುಟದಲ್ಲಿ, ಗೇರ್‌ಬಾಕ್ಸ್ ಆಯಿಲ್ ಬಿಸಿಯಾಗುವವರೆಗೆ ಸೆಕೆಂಡ್ ಗೇರಿಗೆ ಬಲವಂತ ಮಾಡಬೇಡಿ, ಮೊದಲಿನಿಂದ ನೇರ ಮೂರಕ್ಕೆ ಹೋಗಿ ಎಂದು ಬರೆದಿದ್ದರು. ಬೆಲೆಯ ಮಾತು ತೆಗೆಯುವ ಮೊದಲು ಅವರೇ ನನ್ನನ್ನು ಕೇಳಿದರು: ಎಲ್ಲಿ ನಿಲ್ಲಿಸುತ್ತೀರಿ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿದಾಗ ಏನು ಮಾಡುತ್ತೀರಿ, ನಿಜವಾಗಿ ಓಡಿಸುತ್ತೀರಾ? ಗಾಡಿ ಮಾರುವವರು ಕೊಳ್ಳುವವನನ್ನು ಹೀಗೆ ಪರೀಕ್ಷಿಸುವುದು ನನಗೆ ಬಹಳ ಇಷ್ಟವಾಯಿತು.

ಹೊರಗೆ ಬಂದಾಗ ಭಾವ ಕೇಳಿದರು: “ಕಮ್ಮಿ ಓಡಿರೋದನ್ನ ಬಿಟ್ಟು ಇದನ್ನ ತಗೋತೀಯೇನಪ್ಪ? ನಾಳೆ ಮಾರೋಕೆ ಹೋದ್ರೆ ಯಾರು ಕೇಳ್ತಾರೆ?”

“ಭಾವ, ನಿಮ್ಮ ಹತ್ರ ಇಬ್ಬರು ಪೇಷೆಂಟ್ ಬಂದ್ರೆ, ವರ್ಷಾ ವರ್ಷ ಚೆಕಪ್ ಮಾಡಿಸಿರೋನ ವಿಷಯದಲ್ಲಿ ನಿಮಗೆ ಧೈರ್ಯವೋ, ಆಸ್ಪತ್ರೆ ಮುಖಾನೇ ನೋಡದಿರೋನ ವಿಷಯದಲ್ಲೋ?”

ಅವರು ಫೈಲನ್ನು ಇನ್ನೊಮ್ಮೆ ನೋಡಬೇಕೆಂದು ಒಳಗೆ ಹೋದರು. ಒಂದು ಗಂಟೆ ಕೂತು ಓದಿದರು. ನಾನು ಮೇಷ್ಟ್ರ ಕಾರನ್ನೇ ಕೊಂಡೆ.

ಮಾರುಕಟ್ಟೆಯ ಮನಸ್ಸು ಬೇರೆ ಎಂದೆನಲ್ಲ, ಅದಕ್ಕೆ ದೊಡ್ಡ ಸಾಕ್ಷಿ ಫ್ರಾನ್ಸಿನಲ್ಲಿದೆ. 2014ರಲ್ಲಿ ಅಲ್ಲಿ ಬೈಯೋನ್ ಎಂಬ ಕುಟುಂಬದ ಶೆಡ್ಡುಗಳಲ್ಲಿ ದಶಕಗಳಿಂದ ನಿಂತಿದ್ದ ಕಾರುಗಳು ಬೆಳಕಿಗೆ ಬಂದವು. ಅವುಗಳಲ್ಲಿ ಒಂದು, ಹಳೆಯ ಪತ್ರಿಕೆಗಳ ರಾಶಿಯ ಅಡಿ ಸಿಕ್ಕಿದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್. ನಟ ಅಲೈನ್ ಡೆಲಾನ್ ಒಂದು ಕಾಲಕ್ಕೆ ಓಡಿಸಿದ್ದ ಕಾರು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದು ಒಂದೂವರೆ ಕೋಟಿ ಯೂರೋ ದಾಟಿ ಮಾರಾಟವಾಯಿತು. ಅದರ ಧೂಳಿಗೂ ಬೆಲೆ ಬಂತು. ಅಂಥ ಅಪರೂಪದ ಕಾರಿನ ಮಾತೇ ಬೇರೆ, ಅದು ಚರಿತ್ರೆಯ ವಸ್ತು. ಆದರೆ ಅದೇ ಗುಂಗಿನಲ್ಲಿ ತೊಂಬತ್ತರ ದಶಕದ ಸಾವಿರಾರು ಸ್ಪೈಡರುಗಳನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬೆಲೆ ಏರಲೆಂದು ಕಾಯುವುದು ಆ ಯಂತ್ರಕ್ಕೆ ಮಾಡುವ ಅನ್ಯಾಯ. ಅದನ್ನು ಕೂಡಿಸಿದ ಕೈಗಳಿಗೂ ಮಾಡುವ ಅನ್ಯಾಯ. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಮೈಸೂರಿನಿಂದ ಅಣ್ಣ ಫೋನ್ ಮಾಡಿದಾಗಲೆಲ್ಲ ನಾನು ಕೊಂಡ ಕಾರನ್ನು ಊರಿಗೆ ಯಾವಾಗ ತರುತ್ತೀಯ ಎಂದು ಕೇಳುತ್ತಾನೆ. ನಮ್ಮವರಿಗೆ ಫೆರಾರಿ ಎಂದರೆ ಮೊದಲು ನೆನಪಾಗುವುದು 2002ರಲ್ಲಿ ತೆಂಡೂಲ್ಕರ್‌ಗೆ ಉಡುಗೊರೆ ಬಂದ 360 ಮೊಡೆನಾ, ಅದರ ಕಸ್ಟಮ್ಸ್ ಸುಂಕದ ಗಲಾಟೆ. ನನ್ನ ಕಾರಿಗೆ ಆ ಗಲಾಟೆಯೂ ಬೇಕಿಲ್ಲ, ಮೂರು ವರ್ಷಕ್ಕಿಂತ ಹಳೆಯ ಇಂಥ ಕಾರನ್ನು ಭಾರತಕ್ಕೆ ತರಿಸಿಕೊಳ್ಳಲು ನಿಯಮವೇ ಬಿಡುವುದಿಲ್ಲ. ಬೇಸರವೇನೋ ಇದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಅದರ ಸದ್ದು ಹೇಗಿರುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ.

ಆ ಸದ್ದಿನ ಬಗ್ಗೆ ಹೇಳಲೇಬೇಕು. ಟಾಪು ಇಳಿಸಿ, ಹೀಟರ್ ಹಾಕಿಕೊಂಡು, ವೇಲ್ಸ್ ಕಡೆಯ ಬೆಟ್ಟದ ರಸ್ತೆಗೆ ಹೋದರೆ ನಾಲ್ಕು ಸಾವಿರ ಆರ್‌ಪಿಎಂವರೆಗೆ ಅದು ಸಾಧಾರಣ ಗಾಡಿ. ಐದು ದಾಟಿದ ಮೇಲೆ ದನಿ ಬದಲಾಗಿ, ಏಳೂವರೆ ಎಂಟರ ಹೊತ್ತಿಗೆ ತಲೆಯ ಹಿಂದೆಯೇ ತಾರಸ್ಥಾಯಿಯಲ್ಲಿ ಹಾಡುತ್ತದೆ. ಮುಚ್ಚಿದ ಕಾರಿನಲ್ಲಿ ಇದು ಗಾಜಿನಾಚೆಯದು, ಇಲ್ಲಿ ನಡುವೆ ಏನೂ ಇಲ್ಲ. ಎರಡರಿಂದ ಮೂರಕ್ಕೆ ಎಳೆದಾಗ ಗೇರಿನ ಕಡ್ಡಿ ಲೋಹದ ಗೇಟಿಗೆ ತಾಗಿ ಟಕ್ ಎನ್ನುತ್ತದೆ, ಆ ಏಟು ಅಂಗೈಗೂ ತಿಳಿಯುತ್ತದೆ. ಬಟ್ಟೆ ಟಾಪಿನಿಂದ ಬಾಡಿ ಸ್ವಲ್ಪ ಬಳುಕುತ್ತದೆ, ಕೆಟ್ಟ ರಸ್ತೆಯಲ್ಲಿ ಗಾಜಿನ ಚೌಕಟ್ಟು ನಡುಗುತ್ತದೆ ಎಂದು ಪರಿಣತರು ಹೇಳುವುದು ನಿಜ. ನನಗೆ ಅದು ದೊಡ್ಡದಾಗಿ ಕಂಡಿಲ್ಲ.

ಮುಂದಿನ ಮಾರ್ಚ್‌ಗೆ ಬೆಲ್ಟಿನ ಸರದಿ. ಎಂಜಿನ್ ಇಳಿಸಿದಾಗಲೇ ವಾಟರ್ ಪಂಪು, ಗಟ್ಟಿಯಾದ ಹೋಸುಗಳು, ಸಸ್ಪೆನ್ಷನ್ನಿನ ಸವೆದ ಬುಷ್‌ಗಳು ಎಲ್ಲವನ್ನೂ ಒಟ್ಟಿಗೆ ಮಾಡಿಸಿಬಿಡೋಣ ಎಂದು ಮೆಕ್ಯಾನಿಕ್ ಪಟ್ಟಿ ಕೊಟ್ಟಿದ್ದಾರೆ. ನಾನೂ ಎರಡು ದಿನ ರಜೆ ಹಾಕಿ ಗ್ಯಾರೇಜಿನಲ್ಲಿ ಜೊತೆಗಿರುತ್ತೇನೆ. ಆಮೇಲೆ ಜೂನ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟಿ, ಫ್ರಾನ್ಸಿನ ಮೂಲಕ ಆಲ್ಪ್ಸ್ ಹತ್ತಿ ಮರನೆಲ್ಲೊಗೆ. ಹೋಗಿ ಬರಲು ಎರಡು ಸಾವಿರ ಮೈಲಿ ಮೀರುತ್ತದೆ. ಭಾವ ಆಗಲೇ ಆಸ್ಪತ್ರೆಯಲ್ಲಿ ರಜೆ ಬರೆದುಕೊಟ್ಟಿದ್ದಾರೆ. ಮುಂಭಾಗದ ಡಿಕ್ಕಿಯಲ್ಲಿ ಎರಡು ಚಿಕ್ಕ ಚೀಲಕ್ಕಷ್ಟೇ ಜಾಗವಾದ್ದರಿಂದ ಯಾರ ಬಟ್ಟೆ ಎಷ್ಟು ಎಂಬುದನ್ನು ಅಕ್ಕ ಈಗಿನಿಂದಲೇ ಗೊತ್ತುಮಾಡುತ್ತಿದ್ದಾಳೆ.